ಮೇಲಿನ ದರ ಯಾವುದಕ್ಕೆ ಕೊಡಬೇಕು? ದಿನಸಿ ಚೀಟಿಯ ಬಗ್ಗೆ ಓದುಗರ ಪ್ರಶ್ನೆಗಳು

ತಿಂಗಳ ದಿನಸಿ ಖರ್ಚಿನ ಬಗ್ಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಸಂದೇಹವನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿವೆ: ಅಂಗಡಿಯಲ್ಲಿ ಒಂದೇ ಪದಾರ್ಥವು ಎರಡು ಮೂರು ದರಗಳಲ್ಲಿ ಸಿಗುವಾಗ ಮೇಲಿನ ದರ ಕೊಡುವುದು ಎಲ್ಲಿ ಸರಿ, ಎಲ್ಲಿ ದಂಡ? ಅವುಗಳಲ್ಲಿ ಏಳು ಪತ್ರಗಳನ್ನು ಆರಿಸಿ ಉತ್ತರಿಸಿದ್ದೇನೆ. ದರ ಊರಿಂದ ಊರಿಗೆ, ವಾರದಿಂದ ವಾರಕ್ಕೆ ಬದಲಾಗುವುದರಿಂದ ರೂಪಾಯಿಯ ಲೆಕ್ಕಕ್ಕಿಂತ ಪದಾರ್ಥದ ಗುಣದ ಲೆಕ್ಕವನ್ನೇ ಹೆಚ್ಚಾಗಿ ಹೇಳಿದ್ದೇನೆ.

ಪ್ರಶ್ನೆ: ನಮ್ಮದು ಆರು ಜನರ ಮನೆ. ಮಗ ಈಚೆಗೆ ಆನ್‌ಲೈನಿನಲ್ಲಿ ‘ಎ2 ಬಿಲೋನಾ ತುಪ್ಪ’ ತರಿಸಲು ಆರಂಭಿಸಿದ್ದಾನೆ. ಡೇರಿಯ ತುಪ್ಪದ ಮೂರು ಪಟ್ಟು ಬೆಲೆ. ಎ2 ಆರೋಗ್ಯಕ್ಕೆ ಒಳ್ಳೆಯದೆಂದು ಅವನ ವಾದ. ತುಪ್ಪ ಎಲ್ಲಿದ್ದರೂ ತುಪ್ಪವೇ ಎಂದು ನಮ್ಮ ಯಜಮಾನರ ವಾದ. ಯಾರ ಮಾತು ಕೇಳಲಿ?
— ಗೃಹಿಣಿ, ತುಮಕೂರು

ಉತ್ತರ: ಎ2 ಎಂಬ ಎರಡಕ್ಷರಕ್ಕೆ ಹಣ ಕೊಡಬೇಡಿ, ಬಿಲೋನಾ ಎಂಬ ಮೂರಕ್ಷರಕ್ಕೆ ಬೇಕಾದರೆ ಸ್ವಲ್ಪ ಕೊಡಬಹುದು.

ಎ1, ಎ2 ಎಂಬವು ಹಾಲಿನಲ್ಲಿರುವ ಬೀಟಾ ಕೇಸೀನ್ ಎಂಬ ಪ್ರೋಟೀನಿನ ಎರಡು ಬಗೆಗಳು. ನಾಟಿ ಹಸುಗಳ ಮತ್ತು ಎಮ್ಮೆಗಳ ಹಾಲಿನಲ್ಲಿ ಹೆಚ್ಚಾಗಿ ಎ2 ಇರುತ್ತದೆ, ವಿದೇಶಿ ತಳಿಗಳ ಹಾಲಿನಲ್ಲಿ ಎ1 ಕೂಡ ಇರುತ್ತದೆ. ಹಾಲಿನ ಮಟ್ಟಿಗೆ ಈ ಚರ್ಚೆ ನಡೆಯಲಿ. ಆದರೆ ತುಪ್ಪ ಕಾಯಿಸುವಾಗ ನಾವು ಮಾಡುವುದೇನು? ಬೆಣ್ಣೆಯಲ್ಲಿ ಉಳಿದ ನೀರನ್ನು ಆರಿಸಿ, ಉಳಿದ ಪ್ರೋಟೀನನ್ನು ತಳದಲ್ಲಿ ಕೆಂಪಗೆ ಸೀದು ನಿಲ್ಲುವ ಗಸಿಯಾಗಿ ಮಾಡಿ, ಸೋಸಿ ತೆಗೆಯುತ್ತೇವೆ. ಸೋಸಿದ ತುಪ್ಪದಲ್ಲಿ ಶೇಕಡ 99.5ರಷ್ಟು ಕೊಬ್ಬೇ ಇರುತ್ತದೆ. ಯಾವ ಪ್ರೋಟೀನಿನ ಹೆಸರಿನಲ್ಲಿ ಮೂರು ಪಟ್ಟು ಬೆಲೆ ಕೇಳುತ್ತಾರೋ ಆ ಪ್ರೋಟೀನು ಬಾಣಲೆಯ ತಳದಲ್ಲೇ ಉಳಿದುಹೋಗಿರುತ್ತದೆ. 2024ರ ಆಗಸ್ಟ್ ತಿಂಗಳಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಹಾಲು, ತುಪ್ಪ, ಬೆಣ್ಣೆಗಳ ಪೊಟ್ಟಣಗಳಿಂದ ಎ1, ಎ2 ಎಂಬ ಹೇಳಿಕೆಗಳನ್ನು ತೆಗೆಯಬೇಕೆಂದು ಸೂಚನೆ ಹೊರಡಿಸಿ, ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಹೇಳಿಕೆಗಳು ಪೊಟ್ಟಣದ ಮೇಲೆ ಹಾಗೆಯೇ ಉಳಿದಿವೆ. ತುಪ್ಪದೊಳಗಿನ ಸಂಗತಿಯಂತೂ ಯಾವ ಸೂಚನೆಯಿಂದಲೂ ಬದಲಾಗುವಂಥದ್ದಲ್ಲ.

ಬಿಲೋನಾ ಎಂದರೆ ನಮ್ಮ ಕಡಗೋಲಿನ ಕೆಲಸವೇ. ಹಾಲನ್ನು ಹೆಪ್ಪು ಹಾಕಿ, ಮೊಸರನ್ನು ಕಡೆದು, ಬಂದ ಬೆಣ್ಣೆಯನ್ನು ಕಾಯಿಸುವ ಕ್ರಮ. ಇದಕ್ಕೂ ಕೆನೆಯಿಂದ ನೇರವಾಗಿ ತೆಗೆದ ತುಪ್ಪಕ್ಕೂ ಪರಿಮಳದಲ್ಲಿ ವ್ಯತ್ಯಾಸವಿರುವುದು ನಿಜ, ಏಕೆಂದರೆ ಹುಳಿಯೊಡೆದ ಬೆಣ್ಣೆಗೆ ತನ್ನದೇ ಆದ ಸುವಾಸನೆ ಇದೆ. ಆ ಸುವಾಸನೆ ಬೇಕಾಗುವುದು ಬಿಸಿ ಅನ್ನ ಸಾರಿನ ಮೇಲೆ ಹಾಕುವಾಗ, ಹೋಳಿಗೆಯ ಮೇಲೆ ಸುರಿಯುವಾಗ, ಅಂದರೆ ತುಪ್ಪ ಹಸಿಯಾಗಿಯೇ ನಾಲಗೆಗೆ ತಾಕುವಾಗ. ಸಾಸಿವೆ, ಒಣಮೆಣಸಿನಕಾಯಿ, ಇಂಗು ಹಾಕಿ ಒಗ್ಗರಣೆ ಕೊಡುವಾಗ ಅದು ಉಳಿಯುವುದಿಲ್ಲ. ಆದ್ದರಿಂದ ಡೇರಿಯ ತುಪ್ಪವನ್ನು ಒಲೆಯ ಪಕ್ಕದಲ್ಲಿಡಿ, ಬಡಿಸಲು ಬೇರೆ ಭರಣಿ ಇಡಿ. ಬಡಿಸುವ ತುಪ್ಪಕ್ಕಾಗಿಯೂ ಆನ್‌ಲೈನ್ ಅಂಗಡಿಯೇ ಬೇಕೆಂದಿಲ್ಲ: ನಂಬಿಕೆಯವರಿಂದ ಬೆಣ್ಣೆ ತಂದು, ಹದವಾದ ಉರಿಯಲ್ಲಿ ಕಾಯಿಸಿ, ಇಳಿಸುವ ಮುನ್ನ ಒಂದು ವೀಳ್ಯದೆಲೆಯನ್ನೋ ನಾಲ್ಕು ಕಾಳು ಮೆಂತ್ಯವನ್ನೋ ಹಾಕಿದರೆ ನಿಮ್ಮ ಮಗ ಕೇಳುವ ಘಮ ಮನೆಯಲ್ಲೇ ಬರುತ್ತದೆ. ಇನ್ನೊಂದು ಮಾತು. ತುಪ್ಪ ಮರಳು ಮರಳಾಗಿದ್ದರೆ ಶುದ್ಧವೆಂದು ಮಾರುವವರು ಹೇಳುವುದುಂಟು. ನಿಧಾನವಾಗಿ ತಣ್ಣಗಾದ ತುಪ್ಪ ಮರಳುಗಟ್ಟುತ್ತದೆ, ಬೇಗ ತಣ್ಣಗಾದದ್ದು ನುಣುಪಾಗಿ ಹೆಪ್ಪುಗಟ್ಟುತ್ತದೆ. ಶುದ್ಧತೆಯನ್ನು ಅದರಿಂದ ಅಳೆಯಲಾಗದು.

ಪ್ರಶ್ನೆ: ಹಬ್ಬಕ್ಕೆ ಗೋಡಂಬಿ, ಏಲಕ್ಕಿ ಕೊಳ್ಳಲು ಹೋದರೆ ಅಂಗಡಿಯವರು ಮೂರು ನಾಲ್ಕು ದರ್ಜೆಗಳನ್ನು ತೋರಿಸುತ್ತಾರೆ. ದೊಡ್ಡದು ತೆಗೆದುಕೊಂಡರೆ ರುಚಿ ಹೆಚ್ಚೇ?
— ಓದುಗರು, ಉಡುಪಿ

ಉತ್ತರ: ಕರಾವಳಿಯವರಾದ ನಿಮಗೆ ಗೋಡಂಬಿಯ ವಿಷಯ ನಾನು ಹೇಳಬೇಕಾದದ್ದು ಕಡಿಮೆ, ಆದರೂ ಪೊಟ್ಟಣದ ಮೇಲಿನ ಅಂಕಿಯ ಅರ್ಥ ಅನೇಕರಿಗೆ ತಿಳಿದಿರುವುದಿಲ್ಲ. ಡಬ್ಲ್ಯು 180, ಡಬ್ಲ್ಯು 240, ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂಗೆ, ಅಷ್ಟು ಇಡೀ ಗೋಡಂಬಿಗಳು ತೂಗುತ್ತವೆ ಎಂದರ್ಥ. ಅಂಕಿ ಚಿಕ್ಕದಾದಷ್ಟೂ ಬೀಜ ದೊಡ್ಡದು: 180ರ ದರ್ಜೆಯಲ್ಲಿ ಒಂದೊಂದೂ ಎರಡೂವರೆ ಗ್ರಾಂ ಆಸುಪಾಸು, 320ರಲ್ಲಿ ಒಂದೂವರೆ ಗ್ರಾಂಗಿಂತ ಸ್ವಲ್ಪ ಕಡಿಮೆ. ಅವುಗಳ ಕೆಳಗೆ ಎರಡು ಹೋಳಾದದ್ದು, ತುಂಡಾದದ್ದು, ನುಚ್ಚಾದದ್ದು ಎಂಬ ದರ್ಜೆಗಳಿವೆ. ಈ ವಿಂಗಡಣೆಯೆಲ್ಲ ಗಾತ್ರ, ಬಣ್ಣ ಮತ್ತು ಮುಕ್ಕಾಗದಿರುವುದರ ಮೇಲೆ ನಿಂತಿದೆಯೇ ಹೊರತು ರುಚಿಯ ಮೇಲಲ್ಲ.

ಮಗಳ ಸೀಮಂತಕ್ಕೆಂದು ನಾನು ಒಮ್ಮೆ ಎಲ್ಲಕ್ಕಿಂತ ದೊಡ್ಡ ದರ್ಜೆಯ ಗೋಡಂಬಿ ಒಂದು ಕಿಲೋ ತಂದಿದ್ದೆ. ಅಡುಗೆಗೆ ಬಂದವರು ನನ್ನ ಕಣ್ಣೆದುರೇ ಅದರಲ್ಲಿ ಮುಕ್ಕಾಲು ಕಿಲೋವನ್ನು ನೆನೆಸಿ, ಕುರ್ಮಕ್ಕೆ ನುಣ್ಣಗೆ ರುಬ್ಬಿದರು. ಅವರದ್ದೇನೂ ತಪ್ಪಿಲ್ಲ, ಕೊಂಡವಳು ನಾನು. ರುಬ್ಬುವುದಕ್ಕೆ, ಗೋಡಂಬಿ ಬರ್ಫಿಗೆ ತುಂಡು ಸಾಕು. ಪಾಯಸಕ್ಕೆ, ಕೇಸರಿಬಾತಿಗೆ ಹೋಳು ಚೆನ್ನ. ಹುರಿದು ಉಪ್ಪು ಮೆಣಸು ಹಾಕಿ ತಟ್ಟೆಯಲ್ಲಿಡುವುದಕ್ಕೆ, ಯಾರಿಗಾದರೂ ಉಡುಗೊರೆ ಕೊಡುವುದಕ್ಕೆ ಮಾತ್ರ ಇಡಿಯದು ಬೇಕು. ತುಂಡು ಬೇಗ ಕಮಟಾಗುವುದರಿಂದ ಒಂದು ತಿಂಗಳಿಗೆ ಬೇಕಾದಷ್ಟೇ ತನ್ನಿ.

ಏಲಕ್ಕಿಯ ದರವೂ ಜರಡಿಯ ದರವೇ. ಎಂಟು ಮಿಲಿಮೀಟರಿಗಿಂತ ದಪ್ಪನಾದ, ಹಚ್ಚ ಹಸಿರಾದ ಕಾಯಿ ಎಲ್ಲಕ್ಕಿಂತ ತುಟ್ಟಿ. ಪರಿಮಳ ಇರುವುದು ಒಳಗಿನ ಬೀಜದಲ್ಲಿ. ಕಾಯಿ ಸಣ್ಣದಾಗಿದ್ದರೂ ಬಿಗಿಯಾಗಿದ್ದು, ಸುಲಿದಾಗ ಬೀಜ ಕಪ್ಪಗೆ, ಅಂಟಂಟಾಗಿ, ತುಂಬಿಕೊಂಡಿದ್ದರೆ ಸಕ್ಕರೆಯೊಡನೆ ಕುಟ್ಟಿ ಪುಡಿ ಮಾಡುವುದಕ್ಕೆ ಅದಕ್ಕಿಂತ ಬೇರೆ ಬೇಡ. ದಪ್ಪ ಕಾಯಿ ಬೇಕಾಗುವುದು ಇಡಿಯಾಗಿ ಪಲಾವಿಗೆ ಹಾಕುವಾಗ. ಸುಲಿದಿಟ್ಟ ಬೀಜವನ್ನೂ ಪುಡಿಯನ್ನೂ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಕೊಳ್ಳಬೇಡಿ, ಸಿಪ್ಪೆ ಕಳೆದ ಮೇಲೆ ಘಮ ಹೆಚ್ಚು ದಿನ ನಿಲ್ಲದು.

ಪ್ರಶ್ನೆ: ನಾನು ನಿವೃತ್ತ ನೌಕರ. ಬೆಳಗಿನ ಫಿಲ್ಟರ್ ಕಾಫಿಯೊಂದೇ ನನ್ನ ಚಟ. ಒಂದೇ ತೋಟದ ಅರೇಬಿಕಾ, ಪೀಬೆರಿ ಎಂದೆಲ್ಲ ದುಬಾರಿ ಪುಡಿಗಳು ಬಂದಿವೆ. ನಾನು ಮೂವತ್ತು ವರ್ಷಗಳಿಂದ ಚಿಕೋರಿ ಬೆರೆತದ್ದನ್ನೇ ಕುಡಿಯುತ್ತಿದ್ದೇನೆ. ಬದಲಿಸಬೇಕೆ?
— ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿಯ ಪಾಲು ಕನಿಷ್ಠ ಶೇಕಡ 51 ಇರಲೇಬೇಕು ಎಂದೂ, ಎರಡರ ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಬೇಕು ಎಂದೂ ನಿಯಮವಿದೆ. ಮೊದಲು ಅದನ್ನು ಓದಿ. ಚಿಕೋರಿ ಎಂಬುದು ಬೇರನ್ನು ಹುರಿದು ಮಾಡಿದ ಪುಡಿ. ಡಿಕಾಕ್ಷನ್ನಿಗೆ ಗಾಢ ಬಣ್ಣವನ್ನೂ ಮಂದತನವನ್ನೂ ಕೊಡುತ್ತದೆ, ಕಾಫಿಗಿಂತ ಬಹಳ ಅಗ್ಗ. 80:20ರ ಪುಡಿಗೆ ಕೊಡುವ ಬೆಲೆಯನ್ನು 60:40ಕ್ಕೆ ಕೊಡುತ್ತಿದ್ದರೆ ನೀವು ಬೇರಿಗೆ ಕಾಫಿಯ ದರ ಕೊಡುತ್ತಿದ್ದೀರಿ ಎಂದೇ ಅರ್ಥ.

ಇನ್ನು ಒಂದೇ ತೋಟದ ಅರೇಬಿಕಾ. ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗು ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದ್ದು, ಅವುಗಳ ನಡುವಿನ ಸೂಕ್ಷ್ಮ ವ್ಯತ್ಯಾಸಗಳು ಹಾಲಿಲ್ಲದೆ ಕುಡಿಯುವವರಿಗೆ ಖಂಡಿತ ಗೊತ್ತಾಗುತ್ತವೆ. ಮುಕ್ಕಾಲು ಲೋಟ ಕಾದ ಹಾಲು, ಎರಡು ಚಮಚ ಸಕ್ಕರೆ, ಅದರ ಮೇಲೆ ಚಿಕೋರಿ ಬೆರೆತ ಡಿಕಾಕ್ಷನ್ ಎಂದಾದರೆ ಯಾವ ತೋಟದ ಹೆಸರೂ ಆ ಲೋಟದ ತಳದವರೆಗೆ ಇಳಿದು ಬರಲಾರದು. ಪೀಬೆರಿ ಎಂಬುದು ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದು ಉರುಟಾದದ್ದು. ಅದನ್ನು ಬೇರ್ಪಡಿಸಿ ಮಾರುವುದರಿಂದ ಬೆಲೆ ಏರುತ್ತದೆ. ಹಾಲಿನ ಕಾಫಿಗೆ ರೋಬಸ್ಟಾ ಎಂಬ ಇನ್ನೊಂದು ಜಾತಿಯ ಕಾಫಿ ಒಂದಿಷ್ಟು ಬೆರೆತರೆ ಕಡುತನ ಬರುವುದೇ ಹೊರತು ಅದು ಕಲಬೆರಕೆಯಲ್ಲ ಎಂಬುದನ್ನೂ ನೆನಪಿಡಿ. ನೀವು ಬದಲಿಸಬೇಕಾದದ್ದು ಬೀಜವನ್ನಲ್ಲ, ಕೊಳ್ಳುವ ರೀತಿಯನ್ನು. ಅರ್ಧ ಕಿಲೋ ಪೊಟ್ಟಣ ಬಿಟ್ಟು, ನಿಮ್ಮ ಬಡಾವಣೆಯಲ್ಲೇ ಕಣ್ಣೆದುರು ಬೀಸಿ ಕೊಡುವ ಅಂಗಡಿಯಿಂದ ವಾರಕ್ಕೆ ನೂರು ಗ್ರಾಂ ತನ್ನಿ. ಹೊಸದಾಗಿ ಬೀಸಿದ್ದಕ್ಕೆ ಹತ್ತು ಇಪ್ಪತ್ತು ರೂಪಾಯಿ ಹೆಚ್ಚಾದರೆ ಅದು ಮೊದಲ ಗುಟುಕಿನಲ್ಲೇ ತಿಳಿಯುತ್ತದೆ.

ಪ್ರಶ್ನೆ: ಮರದ ಗಾಣದ ಶೇಂಗಾ ಎಣ್ಣೆ ನಮ್ಮಲ್ಲಿ ರಿಫೈನ್ಡ್ ಎಣ್ಣೆಯ ಎರಡು ಪಟ್ಟು ಬೆಲೆಗೆ ಸಿಗುತ್ತಿದೆ. ಎಲ್ಲದಕ್ಕೂ ಅದನ್ನೇ ಬಳಸಬೇಕೆಂದು ನೆರೆಯವರು ಹೇಳುತ್ತಾರೆ.
— ಗೃಹಿಣಿ, ಹುಬ್ಬಳ್ಳಿ

ಉತ್ತರ: ಎಲ್ಲದಕ್ಕೂ ಬೇಡ. ಗಾಣದ ಎಣ್ಣೆಯಲ್ಲಿ ಬೀಜದ ವಾಸನೆ ಮತ್ತು ರುಚಿ ಉಳಿದಿರುತ್ತವೆ, ಶುದ್ಧೀಕರಿಸಿದ ಎಣ್ಣೆಯಲ್ಲಿ ಅವನ್ನು ಬೇಕೆಂದೇ ತೆಗೆದಿರುತ್ತಾರೆ. ಚಟ್ನಿಪುಡಿಗೆ ಮೇಲಿಂದ ಹಾಕಿಕೊಳ್ಳುವುದಕ್ಕೆ, ಮಂಡಕ್ಕಿಗೆ, ಉಪ್ಪಿನಕಾಯಿಗೆ, ಎಣ್ಣೆಗಾಯಿಗೆ ಗಾಣದ್ದೇ ಸರಿ. ಮಿರ್ಚಿ ಭಜಿಗೆ ಬಾಣಲೆ ತುಂಬ ಸುರಿದು, ಕರಿದು, ಉಳಿದದ್ದನ್ನು ಚೆಲ್ಲುವುದಾದರೆ ನೀವು ಚೆಲ್ಲುತ್ತಿರುವುದು ಆ ಎರಡನೆಯ ಪಟ್ಟಿನ ಹಣವನ್ನೇ. ಗಾಣದವರ ಬಳಿ ಕೊಳ್ಳುವಾಗ ಎಣ್ಣೆಗಿಂತ ಮೊದಲು ಕಾಳನ್ನು ನೋಡಿ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಶುದ್ಧೀಕರಣದಲ್ಲಿ ಅದು ಬಹುಮಟ್ಟಿಗೆ ಹೋಗುತ್ತದೆ, ಗಾಣದಲ್ಲಿ ಎಣ್ಣೆಯ ಜೊತೆಗೇ ಬರಬಲ್ಲದು. ಆರಿಸಿದ ಕಾಳನ್ನು ಕಣ್ಣೆದುರು ಹಾಕುವ ಗಾಣಕ್ಕೆ ಹೆಚ್ಚು ಕೊಡುವುದು ನ್ಯಾಯ. ‘ಕೊಲೆಸ್ಟ್ರಾಲ್ ಇಲ್ಲದ ಎಣ್ಣೆ’ ಎಂಬ ಬರಹಕ್ಕೆ ಮಾತ್ರ ಬಿಡಿಗಾಸನ್ನೂ ಹೆಚ್ಚು ಕೊಡಬೇಡಿ. ಕೊಲೆಸ್ಟ್ರಾಲ್ ಪ್ರಾಣಿಜನ್ಯ ಕೊಬ್ಬಿನ ವಸ್ತು, ಯಾವ ಅಡುಗೆ ಎಣ್ಣೆಯ ಬೀಜದಲ್ಲೂ ಅದು ಹೇಳಿಕೊಳ್ಳುವಷ್ಟು ಇರುವುದಿಲ್ಲ.

ಎಣ್ಣೆಯ ಪೊಟ್ಟಣಗಳನ್ನು ಹೋಲಿಸುವಾಗ ತೂಕವನ್ನೂ ಓದಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಲೀಟರಿನಂತೆಯೇ ಕಾಣುವ ಪೊಟ್ಟಣದಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಅಗ್ಗವೆಂಬುದು ಬರಿಯ ತೋರಿಕೆ. ಈಗ ಪೊಟ್ಟಣಗಳ ಮೇಲೆ ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಒಂದು ಗ್ರಾಂಗೆ ಅಥವಾ ಒಂದು ಕಿಲೋಗೆ ಎಷ್ಟು ಬೀಳುತ್ತದೆಂಬುದನ್ನೂ ಮುದ್ರಿಸಬೇಕಾಗಿದೆ. ಅಕ್ಷರ ಚಿಕ್ಕದಾದರೂ ಕನ್ನಡಕ ಹಾಕಿಕೊಂಡು ಓದುವುದಕ್ಕೆ ಯೋಗ್ಯವಾದದ್ದು ಅದೊಂದೇ ಸಾಲು.

ಪ್ರಶ್ನೆ: ಗುಲಾಬಿ ಬಣ್ಣದ ಹಿಮಾಲಯದ ಉಪ್ಪು, ಕಂದು ಮೊಟ್ಟೆ, ಇವು ನಿಜಕ್ಕೂ ಹೆಚ್ಚು ಪೌಷ್ಟಿಕವೇ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಮೊಟ್ಟೆಯ ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ ಬರುತ್ತದೆ, ಒಳಗಿನ ಸತ್ವಕ್ಕೂ ಅದಕ್ಕೂ ಸಂಬಂಧವಿಲ್ಲ. ಗುಲಾಬಿ ಉಪ್ಪು ಕೂಡ ಬಹುತೇಕ ಸೋಡಿಯಂ ಕ್ಲೋರೈಡೇ. ಬಣ್ಣ ಕೊಡುವ ಖನಿಜಗಳು ಲೇಶಮಾತ್ರ. ಅಯೋಡಿನ್ ಸೇರಿಸಿದ ಸಾಮಾನ್ಯ ಉಪ್ಪು ಕೊಳ್ಳುವವರ ಕೈ ಸೇರುವಾಗ ಅದರಲ್ಲಿ ಹತ್ತು ಲಕ್ಷ ಭಾಗಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕು. ಗುಲಾಬಿ ಉಪ್ಪಿಗೆ ಅದನ್ನು ಸೇರಿಸದೆ ಇದ್ದರೆ ನೀವು ಹೆಚ್ಚು ಹಣ ಕೊಟ್ಟು ಕಡಿಮೆ ತಂದಂತಾಯಿತು.

ಪ್ರಶ್ನೆ: ಪುಣೆಯಲ್ಲಿ ನೆಲೆಸಿದ್ದೇವೆ. ಊರಿಗೆ ಬಂದಾಗ ವರ್ಷಕ್ಕಾಗುವ ಸಾಮಾನು ಒಯ್ಯುತ್ತೇವೆ. ಚೀಲದ ಭಾರ ಲೆಕ್ಕ ಹಾಕಿ, ಯಾವುದಕ್ಕೆ ಹೆಚ್ಚು ಖರ್ಚು ಮಾಡಬೇಕು ತಿಳಿಸಿ: ಬ್ಯಾಡಗಿ ಮೆಣಸಿನಕಾಯಿ, ತೊಗರಿಬೇಳೆ, ಅಕ್ಕಿ, ಇಂಗು, ಕೇಸರಿ?
— ದಂಪತಿ, ಪುಣೆ

ಉತ್ತರ: ಬ್ಯಾಡಗಿಗೆ ಖರ್ಚು ಮಾಡಿ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಈ ಮೆಣಸಿನಕಾಯಿಯ ಗುಣವೇ ಖಾರ ಕಡಿಮೆ, ಬಣ್ಣ ಹೆಚ್ಚು. ಸಾರಿನ ಪುಡಿ, ಬಿಸಿಬೇಳೆ ಬಾತಿನ ಪುಡಿಗಳ ಕೆಂಪಿಗೂ ಪರಿಮಳಕ್ಕೂ ಬದಲಿ ಇಲ್ಲ. ಖಾರ ಬೇಕೆನಿಸಿದರೆ ಗುಂಟೂರಿನದನ್ನು ಪುಣೆಯಲ್ಲೇ ಕೊಂಡು ಬೆರೆಸಿಕೊಳ್ಳಿ. ಮುಟ್ಟಿದರೆ ಬಳುಕುವ, ನೆರಿಗೆ ನೆರಿಗೆಯಾದ, ತೊಟ್ಟು ಬಿಡದ ಕಾಯಿ ಆರಿಸಿ. ಬಣ್ಣ ಮಾಸಿದ ಹಳೆಯ ದಾಸ್ತಾನು ಅಗ್ಗಕ್ಕೆ ಸಿಗುತ್ತದೆ, ಬೇಡ. ಕಲಬುರಗಿಯ ತೊಗರಿಬೇಳೆಗೂ ಸ್ವಲ್ಪ ಹೆಚ್ಚು ಕೊಡುವುದು ಸಾರ್ಥಕ, ಪಾಲಿಶ್ ಮಾಡದ್ದನ್ನು ಕೇಳಿ ಪಡೆಯಿರಿ.

ಅಕ್ಕಿಯನ್ನು ಒಯ್ಯಬೇಡಿ, ಭಾರ. ಎಲ್ಲಿ ಕೊಂಡರೂ ಒಂದು ವಿಷಯ ನೆನಪಿರಲಿ: ಹಳೆಯ ಸೋನಾ ಮಸೂರಿಗೆ ಹೆಚ್ಚು ದರ ಇರುವುದು ಅದು ಹೆಚ್ಚು ನೀರು ಹೀರಿ ಬಿಡಿ ಬಿಡಿಯಾಗಿ ಅರಳುವುದರಿಂದ. ಪುಳಿಯೋಗರೆಗೆ, ಚಿತ್ರಾನ್ನಕ್ಕೆ ಅದು ಬೇಕು. ಬಿಸಿಬೇಳೆ ಬಾತಿಗೆ, ಹುಗ್ಗಿಗೆ ಹೇಗೂ ಮೆದುವಾಗಿ ಬೇಯಿಸಿ ಕಲಸುತ್ತೀರಿ, ಹೊಸ ಅಕ್ಕಿಯೇ ಸಾಕು. ದೋಸೆ ಹಿಟ್ಟಿಗೆ ದುಬಾರಿ ಅಕ್ಕಿ ನೆನೆಸುವವರನ್ನು ಕಂಡರೆ ನನಗೆ ಕನಿಕರ.

‘ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡೀತು’ ಎಂಬ ಗಾದೆಯಲ್ಲಿನ ಇಂಗು ನಮಗೆ ಇಂದು ಸಿಗುವ ಪುಡಿಯಲ್ಲ. ಡಬ್ಬಿಯಲ್ಲಿರುವುದು ಕೂಟು ಇಂಗು: ಗೋಂದು, ಗೋಧಿ ಅಥವಾ ಅಕ್ಕಿ ಹಿಟ್ಟಿನಲ್ಲಿ ಅಸಲಿ ಇಂಗಿನ ಅಂಟನ್ನು ಸ್ವಲ್ಪ ಬೆರೆಸಿದ್ದು. ಅಸಲಿ ಅಂಟು ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ ಬರುತ್ತದೆ. ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ 2020ರ ಅಕ್ಟೋಬರಿನಲ್ಲಷ್ಟೇ ಇದರ ಮೊದಲ ಸಸಿಗಳನ್ನು ನೆಟ್ಟರು. ಬೆಲೆ ಹೆಚ್ಚಾದ ಗಟ್ಟಿ ಇಂಗಿನಲ್ಲಿ ಕಡಲೆಕಾಳಿನಷ್ಟು ಮಾಡುವ ಕೆಲಸಕ್ಕೆ ಅಗ್ಗದ ಪುಡಿ ಅರ್ಧ ಚಮಚ ಬೇಕಾಗುತ್ತದೆ. ಆದ್ದರಿಂದ ಇಲ್ಲಿ ದುಬಾರಿಯದೇ ಅಗ್ಗ, ಚೀಲಕ್ಕೂ ಹಗುರ. ಮನೆಯಲ್ಲಿ ಗೋಧಿ ಒಗ್ಗದವರಿದ್ದರೆ ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯನ್ನು ತಪ್ಪದೆ ಓದಿ.

ಕೇಸರಿಯನ್ನು ಕರ್ನಾಟಕದಿಂದ ಒಯ್ಯುವುದರಲ್ಲಿ ಅರ್ಥವಿಲ್ಲ, ಅದು ನಮ್ಮಲ್ಲಿಗೂ ಕಾಶ್ಮೀರದ ಪಾಂಪೋರಿನಿಂದಲೋ ಇರಾನಿನಿಂದಲೋ ಬರುವುದು. ಒಂದು ಕಿಲೋ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂಗಳ ನಡುವಿನ ಕೆಂಪು ಎಳೆಗಳನ್ನು ಕೈಯಲ್ಲಿ ಬಿಡಿಸಬೇಕಾಗುವುದರಿಂದ ಅಗ್ಗದ ಕೇಸರಿ ಎಂಬುದೇ ಇಲ್ಲ. ಒಂದು ಗ್ರಾಂ ಅಸಲಿಯದು ಒಂದು ಸಂಸಾರಕ್ಕೆ ಹಲವು ಹಬ್ಬಗಳಿಗೆ ಬರುತ್ತದೆ. ಬೆಚ್ಚಗಿನ ಹಾಲಿನಲ್ಲಿ ಹಾಕಿದಾಗ ಬಣ್ಣ ನಿಧಾನವಾಗಿ, ಹೊನ್ನಿನ ಹಳದಿಯಾಗಿ ಬಿಡಬೇಕು, ಎಳೆ ಕೆಂಪಾಗಿಯೇ ಉಳಿಯಬೇಕು. ಹೋಟೆಲಿನ ಕೇಸರಿಬಾತಿನ ಕಿತ್ತಳೆ ಬಣ್ಣ ಬೇಕೆನ್ನುವವರಿಗೆ ಕೇಸರಿಯಿಂದ ನಿರಾಸೆಯೇ ಆಗುತ್ತದೆ, ಅದು ಬಣ್ಣದ ಪುಡಿಯ ಕೆಲಸ.

ಪ್ರಶ್ನೆ: ಮಗಳ ಮದುವೆ ಗೊತ್ತಾಗಿದೆ, ಬೇರೆ ಮನೆ ಹೂಡುತ್ತಾಳೆ. ಸೋಪಿನಿಂದ ಕುಕ್ಕರಿನವರೆಗೆ ಎಲ್ಲದರಲ್ಲೂ ‘ಪ್ರೀಮಿಯಂ’ ಎಂದು ತೋರಿಸುತ್ತಾರೆ. ಕೈಯಲ್ಲಿರುವ ಹಣಕ್ಕೆ ಮಿತಿಯಿದೆ.
— ತಾಯಿ, ಶಿವಮೊಗ್ಗ

ಉತ್ತರ: ಸೋಪಿನ ಹೊದಿಕೆಯ ಹಿಂಬದಿಯಲ್ಲಿ ಟಿಎಫ್‌ಎಂ ಎಂದು ಒಂದು ಅಂಕಿ ಇರುತ್ತದೆ. ಅದು ಸೋಪಿನಲ್ಲಿರುವ ಕೊಬ್ಬಿನಾಮ್ಲದ ಪ್ರಮಾಣ. ಶೇಕಡ 76 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೊದಲ ದರ್ಜೆ, 70ಕ್ಕೆ ಎರಡನೆಯದು, 60ಕ್ಕೆ ಮೂರನೆಯದು. ‘ಬೇದಿಂಗ್ ಬಾರ್’ ಎಂದು ಬರೆದದ್ದು ಈ ದರ್ಜೆಗಳ ಸ್ನಾನದ ಸೋಪೇ ಅಲ್ಲ. ನಮ್ಮ ಸರ್ಕಾರಿ ಕಾರ್ಖಾನೆಯ ಮೈಸೂರು ಸ್ಯಾಂಡಲ್ ಸೋಪಿಗೆ ಸಾಮಾನ್ಯ ಸೋಪಿಗಿಂತ ಹೆಚ್ಚು ಕೊಡುತ್ತೇವೆ. ಅದರಲ್ಲಿ ಶ್ರೀಗಂಧದೆಣ್ಣೆಯ ಪರಿಮಳ ಇರುವುದರಿಂದ ಆ ಹೆಚ್ಚಳಕ್ಕೆ ಕಾರಣವಾದರೂ ಇದೆ. ಹೂವಿನ ಚಿತ್ರ ಹಾಕಿದ ದುಬಾರಿ ಸೋಪಿಗೆ ಎಷ್ಟೋ ಸಲ ಚಿತ್ರವೇ ಕಾರಣ. ಪಾತ್ರೆ ತೊಳೆಯುವುದಕ್ಕೆ, ನೆಲ ಒರೆಸುವುದಕ್ಕೆ ಅಗ್ಗದ್ದು ಸಾಕು. ಬಟ್ಟೆ ಯಂತ್ರ ಮುಂಬಾಗಿಲಿನದಾದರೆ ಮಾತ್ರ ಅದಕ್ಕೆಂದೇ ಮಾಡಿದ ಕಡಿಮೆ ನೊರೆಯ ಪುಡಿ ಕೊಡಿಸಿ.

ಕುಕ್ಕರಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಮುದ್ರೆ ಇಲ್ಲದ್ದನ್ನು ಉಚಿತವಾಗಿ ಕೊಟ್ಟರೂ ಮನೆಗೆ ತರಬೇಡಿ. ದಪ್ಪ ತಳದ ಸ್ಟೀಲ್ ಕುಕ್ಕರಿಗೆ ಮೂರು ಸಾವಿರ ಕೊಟ್ಟರೂ ಹತ್ತು ವರ್ಷ ಬಾಳಿದರೆ ದಿನಕ್ಕೆ ಒಂದು ರೂಪಾಯಿಯೂ ಬೀಳುವುದಿಲ್ಲ, ಹಣವನ್ನು ಅಲ್ಲಿ ಹಾಕಿ. ಜೊತೆಗೆ ಅದೇ ಕಂಪನಿಯ ಎರಡು ಗ್ಯಾಸ್ಕೆಟ್ ಕೊಂಡು ಕೊಡಿ, ಅದರಲ್ಲಿ ಅಗ್ಗ ನೋಡಬೇಡಿ. ನಾನ್‌ಸ್ಟಿಕ್ ತವಾಕ್ಕೆ ಎರಡು ಸಾವಿರ ಸುರಿಯುವ ಬದಲು ಸಂತೆಯಲ್ಲಿ ಸಿಗುವ ಕಬ್ಬಿಣದ ಕಾವಲಿ ಸಾಕು. ಲೇಪ ಎದ್ದರೆ ನಾನ್‌ಸ್ಟಿಕ್ ಗುಜರಿಗೆ ಹೋಗುತ್ತದೆ, ಕಾವಲಿ ಮೊಮ್ಮಕ್ಕಳಿಗೂ ಬರುತ್ತದೆ. ಆದರೆ ಅದನ್ನು ಮದುವೆಗೆ ಒಂದು ತಿಂಗಳು ಮುಂಚೆಯೇ ಕೊಂಡು, ಎಣ್ಣೆ ಸವರಿ, ಈರುಳ್ಳಿ ಹೋಳಿನಿಂದ ಉಜ್ಜಿ, ನೀವೇ ಹತ್ತಾರು ದೋಸೆ ಹುಯ್ದು ಪಳಗಿಸಿ ಕೊಡಿ. ಹೊಸ ಕಾವಲಿಯ ಮೊದಲ ದೋಸೆಗಳು ಎಂದೂ ಸರಿಯಾಗಿ ಏಳುವುದಿಲ್ಲ.